ಹದಿನಾಲ್ಕನೇ ಬಿಲದ ಚಿಮ್ಮಂಡೆಗಳು

ಹಾರ್ಲನ್ಸ್ ಮಿಲ್, ಜಾರ್ಜಿಯ
14 ಅಕ್ಟೋಬರ್ 1962

ನೀವಾ,

ನಿನ್ನ ಪತ್ರ ಗುರುವಾರ ಬಂತು. ನನ್ನ ಮಗ ವೆಂಡೆಲ್ ಮರದ ಲಾರಿಯಡಿ ಸಿಕ್ಕಿ ತೀರಿಕೊಂಡ ಆರನೇ ವಾರಕ್ಕೆ ಮಗು ಡಾರ್ಲಳನ್ನು ಎತ್ತಿಕೊಂಡು ಬಸ್ಸು ಹತ್ತಿದವಳು ನೀನು. ಒಂದೂವರೆ ವರ್ಷ ಒಂದು ಸಾಲು ಬರೆಯಲಿಲ್ಲ. ಈಗ ಬರೆದಿದ್ದೀಯೆ, ಅದೂ ಹುಳ ಕೇಳಿಕೊಂಡು. ಓದಿ ಮಡಚಿ ಒಲೆಯ ಮೇಲಿನ ಹಲಗೆಗೆ ಸಿಕ್ಕಿಸಿದೆ. ರಾತ್ರಿಯ ಅಡುಗೆಗೆ ಅದನ್ನೇ ಹಚ್ಚೋಣ ಎಂದುಕೊಂಡಿದ್ದೆ. ಹಚ್ಚುವ ಮೊದಲು ಇನ್ನೊಮ್ಮೆ ಓದಿದಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಈಸ್ಟರ್ ವಾರಕ್ಕೆ ಡಾರ್ಲಳನ್ನು ಇಲ್ಲಿಗೆ ಕಳಿಸುವ ಯೋಚನೆ ಇದೆ ಎಂದಿದ್ದೀಯೆ. ಅದನ್ನು ಮೊದಲ ಸಾಲಿನಲ್ಲೇ ಬರೆಯಬಹುದಿತ್ತು.

ಹುಳದ ವಿಷಯ ನಿನ್ನ ಮೈದುನ ಹಾಯ್ಟ್‌ಗೆ ಹೇಳಿದೆ. ಊಟಕ್ಕೆ ಕುಳಿತವನು ನಕ್ಕು ನಕ್ಕು ಕೆಮ್ಮಿದ.

"ಅತ್ತಿಗೆಗೆ ಕಾಲೇಜಿನಲ್ಲಿ ಹುಳಕ್ಕೆ ಹೆಸ್ರಿಡೋ ಕೆಲ್ಸ ಸಿಕ್ತಾ?"

"ಶೀಶೆ ತೊಳೆಯೋ ಕೆಲ್ಸ ಅಂತ ಬರ್ದಿದಾಳೆ. ನೀನು ಜೀವಮಾನದಲ್ಲಿ ಒಂದು ಲೋಟ ತೊಳ್ದಿದೀಯಾ?" ಎಂದೆ.

ನಿಮ್ಮ ಕಾಲೇಜಿನ ಮೇಷ್ಟ್ರಿಗೆ ಬೇಕಾದದ್ದು ಆಮೆ ಬಿಲದೊಳಗಿನ ಹುಳ ಎಂದು ತಿಳಿಯಿತು. ನಮ್ಮ ದಿಣ್ಣೆಯನ್ನು ಎರಡು ದಿನ ಸುತ್ತಿದೆ. ಆಮೆ ಇರುವ ಬಿಲ ಹದಿನಾಲ್ಕು. ಒಂದೊಂದರ ಬಾಯಲ್ಲೂ ಗೂಟ ಹೊಡೆದು ಸಂಖ್ಯೆ ಬರೆದಿದ್ದೇನೆ. ಒಂದರಿಂದ ಹದಿಮೂರು ಪೈನ್ ಮರಗಳ ನಡುವೆ ಇವೆ. ಹದಿನಾಲ್ಕನೆಯದು ನಮ್ಮ ಸಮಾಧಿಗಳ ಬೇಲಿಯ ಒಳಗೆ, ವೆಂಡೆಲ್‌ನ ಕಾಲ ಬಳಿ. ನೀನು ಹೋದ ಮೇಲೆ ಆಮೆ ತೋಡಿದ ಬಿಲ ಅದು. ನಾನು ಓಡಿಸಲಿಲ್ಲ.

ನೀನು ಹೇಳಿದಂತೆ ಗಾಜಿನ ಶೀಶೆಯನ್ನು ಮರಳಿನಲ್ಲಿ ಕತ್ತಿನವರೆಗೆ ಹೂತು, ತಳಕ್ಕೆ ಒಂದು ಚಮಚ ಜೋನಿಬೆಲ್ಲ ಹಾಕಿಟ್ಟೆ. ಬೆಳಿಗ್ಗೆಗೆ ಬಿದ್ದಿದ್ದನ್ನು ಬಿಲಕ್ಕೊಂದರಂತೆ ಸ್ಪಿರಿಟ್ ಶೀಶೆಯಲ್ಲಿ ಹಾಕಿ ಕಳಿಸಿದ್ದೇನೆ. ಚೀಟಿಯಲ್ಲಿ ಪೆನ್ಸಿಲಿನಿಂದಲೇ ಬರೆಯಬೇಕು ಎಂದು ಎರಡು ಸಲ ಹೇಳಿದ್ದೀಯೆ. ಹೈಸ್ಕೂಲು ಮುಗಿಸಿದವಳು ನಾನು. ಒಂದು ಸಲ ಹೇಳಿದರೆ ಸಾಕು.

ಮಗುವಿಗೆ ಎಷ್ಟು ಹಲ್ಲು ಬಿದ್ದಿದೆ ಬರೆ.

ವೀಡಾ ಪರ್ವಿಸ್


ಗೇನ್ಸ್‌ವಿಲ್, ಫ್ಲಾರಿಡ
29 ಅಕ್ಟೋಬರ್ 1962

ಅತ್ತೆಯವರಿಗೆ,

ಹದಿನಾಲ್ಕು ಶೀಶೆಗಳೂ ಒಡೆಯದೆ ಬಂದವು. ನಮ್ಮ ಮೇಷ್ಟ್ರು ಬಿಳಿ ತಟ್ಟೆಯಲ್ಲಿ ಸುರಿದು ಕುರ್ಚಿಯಿಂದ ಎದ್ದೇಬಿಟ್ಟರು. ಮೂವತ್ತೊಂದು ಗೂನುಬೆನ್ನಿನ ಚಿಮ್ಮಂಡೆ, ಹನ್ನೆರಡು ಸಗಣಿ ಹುಳ, ನಾಲ್ಕು ಕಂದು ಪತಂಗ. ಬೇರೆ ಕಡೆಯಿಂದ ಯಾರೂ ಇಷ್ಟು ಕಳಿಸಿಲ್ಲ. ಚೀಟಿ ಬರೆದವರು ಯಾರು, ಇಷ್ಟು ಅಚ್ಚುಕಟ್ಟಾಗಿದೆಯಲ್ಲ ಎಂದು ಕೇಳಿದರು. ನನ್ನ ಅತ್ತೆ ಎಂದೆ. ಹಾಗೆ ಹೇಳಿ ಬಹಳ ದಿನವಾಗಿತ್ತು.

ರಾತ್ರಿ ಕಿರಿಗುಟ್ಟುವ ಚಿಮ್ಮಂಡೆಯ ಜಾತಿಯೇ ಆದರೂ ಇದಕ್ಕೆ ರೆಕ್ಕೆ ಇಲ್ಲ, ಅದಕ್ಕೇ ದನಿಯೂ ಇಲ್ಲ. ಹುಟ್ಟುವುದು, ಸಾಯುವುದು ಎಲ್ಲ ಆಮೆಯ ಬಿಲದಲ್ಲೇ. ಸಗಣಿ ಹುಳ ತಿನ್ನುವುದು ಆ ಆಮೆಯ ಹಿಕ್ಕೆಯನ್ನು ಮಾತ್ರ. ಹಸುವಿನದು ಇಟ್ಟರೆ ಮೂಸುವುದೂ ಇಲ್ಲ. ಬಿಲ ಕೆಟ್ಟರೆ ಇವಕ್ಕೆ ಹೋಗಲು ಬೇರೆ ಜಾಗವಿಲ್ಲವಂತೆ. ನಿಮ್ಮ ಜೊತೆ ಅಷ್ಟು ವರ್ಷ ಆ ದಿಣ್ಣೆಯ ಮೇಲೆ ಓಡಾಡಿದರೂ ನನಗೆ ಇದೆಲ್ಲ ಗೊತ್ತಿರಲಿಲ್ಲ.

ಡಾರ್ಲಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಬಿಲದ ಕಥೆ ಹೇಳಿದೆ. "ಆಮೆ ಅಜ್ಜಿ ಥರಾನಾ ಅಮ್ಮ? ಎಲ್ರಿಗೂ ಮನೇಲಿ ಜಾಗ ಕೊಟ್ಟು ಎಲ್ರನ್ನೂ ಬೈತಾ ಇರತ್ತಾ?" ಎಂದು ಕೇಳಿದಳು. ಬೇಸರ ಮಾಡಿಕೊಳ್ಳಬೇಡಿ. ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು.

ಒಂದು ಮಾತು ಕೇಳಬೇಕು. ಚಳಿ ಶುರುವಾದರೆ, ಹೆಚ್ಚು ಹಾವು ಹಿಡಿದವರಿಗೆ ಕಪ್ ಕೊಡುವ ಆ ಹಾವಿನ ಮೇಳಕ್ಕೆಂದು ಹುಡುಗರೆಲ್ಲ ದಿಣ್ಣೆ ಹತ್ತುತ್ತಾರೆ. ವೆಂಡೆಲ್ ಮದುವೆಯಾದ ವರ್ಷ ಅದನ್ನು ಬಿಟ್ಟರು. ಹಾಯ್ಟ್ ಈಗಲೂ ಚಳಿಗೆ ಒಳಸೇರಿದ ಹಾವನ್ನು ಹೊರಡಿಸಲು ಬಿಲಗಳಿಗೆ ಪೆಟ್ರೋಲು ಹಾಕುತ್ತಾನೆಯೇ? ಹಾಕಿದರೆ ಒಳಗಿನ ಒಂದು ಹುಳವೂ ಉಳಿಯುವುದಿಲ್ಲ. ಮೇಷ್ಟ್ರ ಲೆಕ್ಕವೂ ಕೆಡುತ್ತದೆ.

ನಿಮ್ಮ ಸೊಸೆ,
ನೀವಾ


ಹಾರ್ಲನ್ಸ್ ಮಿಲ್
25 ನವೆಂಬರ್ 1962

ನೀವಾ,

ನಾನು ಎಲ್ಲರನ್ನೂ ಬೈಯುವುದಿಲ್ಲ. ಬೈಯಬೇಕಾದವರನ್ನು ಬೈಯುತ್ತೇನೆ. ಮಗುವಿಗೆ ಹೇಳು.

ಪೆಟ್ರೋಲಿನ ಮಾತು. ಹಾಯ್ಟ್ ತನ್ನ ರಬ್ಬರ್ ಕೊಳವೆಯನ್ನು ಅಟ್ಟದಿಂದ ಇಳಿಸಿ ತೊಳೆಯುತ್ತಿದ್ದಾಗಲೇ ಕೇಳಿದೆ. ನಿನಗೆ ಅವರ ಪದ್ಧತಿ ಗೊತ್ತು. ಇಪ್ಪತ್ತೈದು ಅಡಿ ಕೊಳವೆಯನ್ನು ಬಿಲದ ತಳದವರೆಗೆ ಇಳಿಸಿ ಈಚೆ ತುದಿಗೆ ಕಿವಿ ಕೊಡುತ್ತಾರೆ. ಗಿಲಕಿ ಹಾವು ಇದ್ದರೆ ಬಾಲದ ಸದ್ದು ಕಿವಿಯೊಳಗೇ ಕೇಳುತ್ತದೆ. ಆಮೇಲೆ ಅದೇ ತುದಿಗೆ ಒಂದು ಲೋಟ ಪೆಟ್ರೋಲು.

"ನಂಬರ್ ಹಾಕಿರೋ ಹದಿನಾಲ್ಕು ಬಿಲ ಮುಟ್ಬೇಡ," ಎಂದೆ.

"ಹುಳಕ್ಕೋಸ್ಕರನಾ ಅಮ್ಮ? ಹೋದ್ಸಲ ಮೇಳದಲ್ಲಿ ಎರಡು ಹಾವಿಗೆ ಬಹುಮಾನದ ಕಪ್ ತಪ್ಪೋಯ್ತು ನಂಗೆ."

"ಹುಳಕ್ಕಲ್ಲ. ಡಾರ್ಲ ಬರ್ತಾಳೆ ಅನ್ನೋದಕ್ಕೆ."

ಅವನು ಸ್ವಲ್ಪ ಹೊತ್ತು ಕೊಳವೆ ಉಜ್ಜಿದ. ಆಮೇಲೆ "ಸರಿ, ಮುಟ್ಟಲ್ಲ. ಮಾತು ಕೊಟ್ಟೆ," ಎಂದ. ಪರ್ವಿಸ್ ಮನೆತನದ ಮಾತು. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ, ನೀನೂ ಕೇಳಬೇಡ.

ಈ ವಾರ ಕಬ್ಬು ಅರೆದು ಜೋನಿಬೆಲ್ಲ ಕಾಸಿದೆವು. ಹನ್ನೊಂದು ಡಬ್ಬಿ ಆಯಿತು. ಒಂದನ್ನು ಡಾರ್ಲಳಿಗೆಂದು ತೆಗೆದಿಟ್ಟಿದ್ದೇನೆ. ಹಿಂದಿನ ಕೋಣೆಗೆ ಸುಣ್ಣ ಬಳಿಸಿದೆ. ವೆಂಡೆಲ್ ಚಿಕ್ಕವನಿದ್ದಾಗ ಮಲಗುತ್ತಿದ್ದ ಮಂಚವನ್ನು ಅಲ್ಲಿ ಹಾಕಿಸಿದ್ದೇನೆ. ಈ ಸಲ ಕಳಿಸಿದ ಶೀಶೆಗಳಲ್ಲಿ ಮೂವತ್ತೆಂಟು ಚಿಮ್ಮಂಡೆ ಇವೆ. ಏಳನೇ ಬಿಲದ ಸಗಣಿ ಹುಳಕ್ಕೆ ಮೂತಿಯ ಮೇಲೆ ಕೊಂಬಿದೆ, ಹೇಳು ಮೇಷ್ಟ್ರಿಗೆ.

ವೀಡಾ ಪರ್ವಿಸ್


ಹಾರ್ಲನ್ಸ್ ಮಿಲ್
13 ಜನವರಿ 1963

ನೀವಾ,

ಹದಿನಾಲ್ಕು ಶೀಶೆ ಕಳಿಸಿದ್ದೇನೆ. ಚಳಿ ಜಾಸ್ತಿ, ಹುಳ ಕಡಿಮೆ. ಆದರೂ ಪ್ರತಿಯೊಂದರಲ್ಲೂ ಇದೆ.

ಇಲ್ಲಿ ಎಲ್ಲ ಕ್ಷೇಮ. ನಮ್ಮ ನಾಯಿ ರಸ್ಟಿ ಸತ್ತಿತು. ವಯಸ್ಸಾಗಿತ್ತು. ಮಗುವಿಗೆ ಈಗಲೇ ಹೇಳಬೇಡ. ಕೋಳಿಗಳು ಈ ವರ್ಷ ಯಾಕೋ ಮನೆಯಡಿಗೆ ಹೋಗುತ್ತಿಲ್ಲ. ಇಟ್ಟಿಗೆ ಕಂಬದ ಮೇಲೆ ನಿಂತ ಈ ಮನೆಯ ಅಡಿ ಎಪ್ಪತ್ತು ವರ್ಷದಿಂದ ಕೋಳಿಗಳ ಅರಮನೆ. ಈಗ ಎಲ್ಲ ಬೇಲಿಯ ಮೇಲೆ ಕೂರುತ್ತವೆ. ಕೋಳಿಗೆ ಬುದ್ಧಿ ಇದ್ದಿದ್ದರೆ ಕೋಳಿ ಯಾಕಾಗುತ್ತಿತ್ತು.

ಡಾರ್ಲಳ ಪಾದದ ಅಳತೆಯನ್ನು ಕಾಗದದ ಮೇಲೆ ಗೀಚಿ ಕಳಿಸು. ಉಣ್ಣೆ ಕಾಲುಚೀಲ ಹೆಣೆಯುತ್ತಿದ್ದೇನೆ.

ವೀಡಾ ಪರ್ವಿಸ್


ಗೇನ್ಸ್‌ವಿಲ್
24 ಜನವರಿ 1963

ಅತ್ತೆಯವರಿಗೆ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ನೇರವಾಗಿ ಬರೆಯುವುದೇ ಒಳ್ಳೆಯದು.

ಶೀಶೆ ತೊಳೆಯುವುದು ನನ್ನ ಕೆಲಸ. ಹುಳ ತೆಗೆದ ಮೇಲೆ ತಳದಲ್ಲಿ ಉಳಿದ ಮರಳನ್ನು ಚೆಲ್ಲುವವಳೂ ನಾನೇ. ಮೊದಲೆರಡು ಸಲ ಬಂದ ಶೀಶೆಗಳಲ್ಲಿ ದಿಣ್ಣೆಯ ಹಳದಿ ಮರಳಿತ್ತು, ಹದಿನಾಲ್ಕನೆಯದರಲ್ಲಿ ಮಾತ್ರ ಬಿಳಿ. ಈ ಸಲ ಹದಿನಾಲ್ಕರಲ್ಲೂ ಬಿಳಿ. ಅದರೊಳಗೆ ನದಿ ಚಿಪ್ಪಿನ ಚೂರು.

ಆ ಮರಳು ನನಗೆ ಗೊತ್ತು. ಸಮಾಧಿಯ ಮೇಲೆ ಒಂದು ಹುಲ್ಲೂ ಇರಬಾರದೆಂದು ಕೆರೆದು, ನದಿಯಿಂದ ಬಿಳಿ ಮರಳು ತಂದು ದಿಬ್ಬ ಕಟ್ಟುವುದನ್ನು ನೀವೇ ನನಗೆ ಕಲಿಸಿದ್ದು. ವೆಂಡೆಲ್ ಮೇಲೆ ಹಾಕಿದ ಮರಳನ್ನು ಇಪ್ಪತ್ತಾರು ಬಕೆಟ್ ನಾನೇ ಹೊತ್ತಿದ್ದೇನೆ.

ಹುಳ ಎಲ್ಲವೂ ಅವರ ಕಾಲ ಬಳಿಯ ಆ ಒಂದೇ ಬಿಲದ್ದು. ಚೀಟಿ ಮಾತ್ರ ಹದಿನಾಲ್ಕು. ಉಳಿದ ಹದಿಮೂರಕ್ಕೆ ಏನಾಯಿತು ಅತ್ತೆ?

ಹುಳದ ಲೆಕ್ಕ ಹಾಳಾಗಿ ಹೋಗಲಿ. ಮೇಷ್ಟ್ರು ಒಂದು ಮಾತು ಹೇಳಿದರು. ಪೆಟ್ರೋಲು ವಾಸನೆ ಹಿಡಿದ ಬಿಲಕ್ಕೆ ಹಾವು ಮತ್ತೆ ಹೋಗುವುದಿಲ್ಲ. ಸಿಕ್ಕಿಬೀಳದೆ ಉಳಿದವು ಚಳಿಗೆ ಬೇರೆ ಒಣ ಜಾಗ, ಕತ್ತಲೆ ಜಾಗ ಹುಡುಕುತ್ತವೆ. ನೀವು ಕೋಳಿಗಳ ವಿಷಯ ಬರೆದಿದ್ದೀರಿ. ರಸ್ಟಿಗೆ ಆರು ವರ್ಷ. ಅದು ವಯಸ್ಸಲ್ಲ.

ಡಾರ್ಲ ಆಗಲೇ ಪೆಟ್ಟಿಗೆ ತುಂಬಿಟ್ಟಿದ್ದಾಳೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಮನೆಯಡಿಯಲ್ಲಿ ಏನಾದರೂ ಇದೆಯೇ?

ನೀವಾ


ಹಾರ್ಲನ್ಸ್ ಮಿಲ್
3 ಫೆಬ್ರವರಿ 1963

ನೀವಾ,

ಅರವತ್ತು ವರ್ಷದ ಬಾಳಿನಲ್ಲಿ ನನ್ನನ್ನು ಸುಳ್ಳಿ ಎಂದವರು ಇಬ್ಬರು. ಮೊದಲನೆಯವನು ಒಬ್ಬ ಕುದುರೆ ವ್ಯಾಪಾರಿ. ಅವನು ಆಮೇಲೆ ಈ ಅಂಗಳಕ್ಕೆ ಕಾಲಿಡಲಿಲ್ಲ.

ಶೀಶೆಯ ಸುತ್ತ ಮರಳು ಸರಿಪಡಿಸಲು ನಾನು ಬಳಸುವುದು ಸಮಾಧಿಗೆ ಮರಳು ಹಾಕುವ ಅದೇ ತಗಡಿನ ಚಮಚ. ಬಿಳಿ ಮರಳು ಎಲ್ಲಿಂದ ಬಂತೆಂಬುದಕ್ಕೆ ಅಷ್ಟು ಸಾಕು. ಹಾಯ್ಟ್ ಕೊಟ್ಟ ಮಾತು ಕೊಟ್ಟಂತೆ ಇದೆ. ಅವನು ಲಾಂದ್ರ ಹಿಡಿದು ಮನೆಯಡಿ ಹೊಟ್ಟೆಯ ಮೇಲೆ ತೆವಳಿ ನೋಡಿ ಬಂದಿದ್ದಾನೆ. ಒಂದು ಹಳೆಯ ಬೂಟು, ನಾಲ್ಕು ಹಾಳು ಮೊಟ್ಟೆ. ಅಷ್ಟೇ.

ಇದು ನಿನ್ನ ಗಂಡ ಹುಟ್ಟಿದ ಮನೆ. ಇಲ್ಲಿ ಮಗು ಬಂದರೆ ಅದರ ಕೂದಲು ಕೊಂಕುವುದಿಲ್ಲ. ಇದು ನನ್ನ ಮಾತು. ಬೇಕಾದರೆ ನಂಬು, ಇಲ್ಲದಿದ್ದರೆ ಇನ್ನೂ ಒಂದೂವರೆ ವರ್ಷ ಬರೆಯಬೇಡ.

ಪಾದದ ಅಳತೆ ನೀನು ಕಳಿಸಲಿಲ್ಲ.

ವೀಡಾ ಪರ್ವಿಸ್


ಗೇನ್ಸ್‌ವಿಲ್
20 ಫೆಬ್ರವರಿ 1963

ಅತ್ತೆಯವರಿಗೆ,

ನನ್ನದು ತಪ್ಪಾಯಿತು. ನೀವು ಯಾರಿಗೂ ಸುಳ್ಳು ಹೇಳಿದವರಲ್ಲ. ಬೇರೆಯವರ ಮನಸ್ಸಿಗೆ ನೋವಾಗುತ್ತದೆಂದು ಗೊತ್ತಿದ್ದೂ ನಿಜ ಹೇಳಿದವರು. ಚಮಚದ ವಿಷಯ ನನಗೆ ಹೊಳೆಯಬೇಕಿತ್ತು. ಹುಳಗಳ ನಡುವೆ ಕೂತು ಕೂತು ಎಲ್ಲದರಲ್ಲೂ ಗುರುತು ಹುಡುಕುವ ಚಟ ಹತ್ತಿದೆ.

ಏಪ್ರಿಲ್ 6, ಶನಿವಾರದ ಬಸ್ಸಿಗೆ ಡಾರ್ಲಳನ್ನು ಹತ್ತಿಸುತ್ತೇನೆ. ಮಧ್ಯಾಹ್ನ ಎರಡಕ್ಕೆ ನಿಮ್ಮಲ್ಲಿ ಇಳಿಯುತ್ತಾಳೆ. ಪಾದದ ಅಳತೆ ಜೊತೆಗಿದೆ. ಕಿರುಬೆರಳಿಗೂ ಹೆಸರು ಬರೆದಿದ್ದಾಳೆ ನೋಡಿ.

ಅವಳಿಗೆ ನಿಮ್ಮ ಈಸ್ಟರ್ ಮೊಟ್ಟೆಗಳ ನೆನಪು ಇನ್ನೂ ಇದೆ. "ಹಿಂದಿನ ಮೆಟ್ಲಡಿ ಅಜ್ಜಿ ಏಳು ಮೊಟ್ಟೆ ಬಚ್ಚಿಟ್ಟಿದ್ರು, ನಂಗೆ ಐದೇ ಸಿಕ್ಕಿದ್ದು. ಈಗ ನನ್ನ ಕೈ ಉದ್ದ ಆಗಿದೆ. ಒಳ್ಗಡೆವರ್ಗೂ ಹಾಕಿ ಎಲ್ಲಾ ತೆಗಿತೀನಿ," ಎನ್ನುತ್ತಾಳೆ. ದಿನಾ ಮಂಚದಡಿ ಕೈ ಹಾಕಿ ಅಭ್ಯಾಸ ನಡೆದಿದೆ.

ನಿಮ್ಮ ಸೊಸೆ,
ನೀವಾ


ಹಾರ್ಲನ್ಸ್ ಮಿಲ್
10 ಮಾರ್ಚ್ 1963

ನೀವಾ,

ಡಾರ್ಲಳನ್ನು ಕಳಿಸಬೇಡ.

ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಬರೆದಿದ್ದೇನೆ. ಉಳಿದದ್ದನ್ನು ಓದುವುದು ಬಿಡುವುದು ನಿನಗೆ ಬಿಟ್ಟದ್ದು.

ನಾನು ಸುಳ್ಳು ಬರೆದೆ. ಡಿಸೆಂಬರ್ ಮೊದಲ ವಾರ ಶೀಶೆ ನೋಡಲು ಹೋದಾಗ ಮೂರನೇ ಬಿಲದ ಬಾಯಲ್ಲಿ ಪೆಟ್ರೋಲು ನಾರುತ್ತಿತ್ತು. ಶೀಶೆಯಲ್ಲಿ ಒಂದು ಹುಳವೂ ಇರಲಿಲ್ಲ. ಬಿಲದ ಹೊರಗೆ, ಮರಳಿನ ಮೇಲೆ, ಚಿಮ್ಮಂಡೆಗಳು ಸತ್ತು ಬಿದ್ದಿದ್ದವು. ಹುಟ್ಟುವುದು, ಸಾಯುವುದು ಎಲ್ಲ ಬಿಲದಲ್ಲೇ ಎಂದು ನೀನೇ ಬರೆದಿದ್ದೆ. ಎಲ್ಲ ಹೊರಗೆ ಬಂದು ಸತ್ತಿದ್ದವು, ಕಾಲು ಮೇಲೆ ಮಾಡಿಕೊಂಡು. ನಲವತ್ತರವರೆಗೆ ಎಣಿಸಿ ಬಿಟ್ಟೆ. ನಾಲ್ಕನೆಯದೂ ಹಾಗೇ, ಐದನೆಯದೂ ಹಾಗೇ. ಹದಿಮೂರೂ ಹಾಗೇ. ಹದಿನಾಲ್ಕನೆಯದನ್ನು ಮಾತ್ರ ಅಣ್ಣನ ಕಾಲ ಬಳಿ ಇದೆಯೆಂದು ಹಾಯ್ಟ್ ಬಿಟ್ಟಿದ್ದ.

"ಮಾತು ಕೊಟ್ಟಿದ್ದೆ ನೀನು," ಎಂದೆ.

"ಬೇರೆ ಬಿಲ ಎಲ್ಲಾ ಬೇರೆ ಹುಡುಗ್ರು ಮುಗ್ಸಿದ್ರು ಅಮ್ಮ. ನಂಬರ್ ಹಾಕಿದ್ದಷ್ಟೇ ಉಳ್ದಿತ್ತು. ಹುಳ ತಾನೆ, ಮತ್ತೆ ಹುಟ್ಟತ್ತೆ ಬಿಡು."

ಆ ದಿನವೇ ನಿನಗೆ ಬರೆಯಬಹುದಿತ್ತು. ಪರ್ವಿಸ್ ಮಾತು ಎಂದು ನಿನಗೆ ಬರೆದು ಎರಡು ವಾರವೂ ಆಗಿರಲಿಲ್ಲ. ಆ ಮಾತನ್ನು ನನ್ನ ಮಗನೇ ಮುರಿದ ಎಂದು, ಮನೆ ಬಿಟ್ಟು ಹೋದವಳಿಗೆ, ಹೇಗೆ ಬರೆಯಲಿ? ಹದಿನಾಲ್ಕನೇ ಬಿಲದ ಸುತ್ತ ಹದಿನಾಲ್ಕು ಶೀಶೆ ಹೂತೆ. ಬೇರೆ ಬೇರೆ ಸಂಖ್ಯೆ ಬರೆದೆ. ಪೆನ್ಸಿಲಿನಿಂದಲೇ.

ರಸ್ಟಿಯನ್ನು ಹಾವು ಕಚ್ಚಿತ್ತು. ಮೂತಿ ಕುಂಬಳಕಾಯಿಯಷ್ಟು ಊದಿತ್ತು. ಹಾಯ್ಟ್ ಲಾಂದ್ರ ಹಿಡಿದು ನೋಡಿದ್ದು ಸುಳ್ಳು. ನೋಡು ಎಂದು ನಾನು ಅವನಿಗೆ ಹೇಳಿಯೇ ಇರಲಿಲ್ಲ. ನೋಡಿದರೆ ಏನು ಸಿಗುತ್ತದೆ ಎಂಬ ಭಯ. ಬೂಟು, ಮೊಟ್ಟೆ ಎಲ್ಲ ಕುಳಿತಲ್ಲೇ ಕಟ್ಟಿದ್ದು. ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ನೀನು ಬೈದು ಬರೆದಿದ್ದರೆ ನಾನು ಈಗಲೂ ಸುಮ್ಮನಿರುತ್ತಿದ್ದೆನೋ ಏನೋ. ನೀನು ಕ್ಷಮೆ ಕೇಳಿದೆ. ಮಗು ಮಂಚದಡಿ ಕೈ ಹಾಕಿ ಅಭ್ಯಾಸ ಮಾಡುತ್ತಿದೆ ಎಂದು ಬರೆದೆ. ಎರಡು ವಾರ ಆ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಮೇಳ ಹೋದ ವಾರ ಮುಗಿಯಿತು. ಹಾಯ್ಟ್ ಹತ್ತೊಂಬತ್ತು ಹಾವು ಕೊಟ್ಟು ಕಪ್ ಗೆದ್ದ. ಶುಕ್ರವಾರ ಬೆಳಿಗ್ಗೆ ಅವನು ಸಾಮಿಲ್ಲಿಗೆ ಹೋದ ಮೇಲೆ ಅವನ ಕೊಳವೆ ತಂದೆ. ಡಾರ್ಲಳ ಕೋಣೆಯ ನೆಲದ ಹಲಗೆಯಲ್ಲಿ ಗಂಟು ಉದುರಿದ ತೂತೊಂದಿದೆ. ಅದರಲ್ಲಿ ಕೊಳವೆ ಇಳಿಸಿ ಮಂಡಿಯೂರಿ ಕಿವಿಗೆ ಹಿಡಿದೆ. ಏನೂ ಇಲ್ಲ. ಹಿಮ್ಮಡಿಯಿಂದ ಹಲಗೆಗೆ ಒಮ್ಮೆ ಗುದ್ದಿದೆ.

ಒಣಗಿದ ಅವರೆಕಾಯಿ ಅಲುಗಿಸಿದಂಥ ಸದ್ದು, ಮಂಚದ ಕೆಳಗಿನಿಂದ. ಅದು ನಿಲ್ಲುವ ಮೊದಲೇ ಚಿಮಣಿಯ ಬುಡದಿಂದ ಇನ್ನೊಂದು. ಆಮೇಲೆ ಮೆಟ್ಟಿಲ ಕಡೆಯಿಂದ. ಆಮೇಲೆ ಎಲ್ಲ ಕಡೆಯಿಂದ. ಒಂದರಿಂದ ಒಂದನ್ನು ಬಿಡಿಸಿ ಎಣಿಸಲಾಗಲಿಲ್ಲ. ಇಡೀ ಚಳಿಗಾಲ ನಾನು ಅವುಗಳ ಮೇಲೆ ಮಲಗಿದ್ದೇನೆ.

ಸಂಜೆ ಹಾಯ್ಟ್‌ಗೆ ಹೇಳಿದರೆ ಅವನ ಮುಖ ಅರಳಿತು.

"ಎಷ್ಟಿರ್ಬೋದು ಅಮ್ಮ? ಹತ್ತು? ಹೋದ್ವಾರನೇ ಹೇಳ್ಬಾರ್ದಿತ್ತಾ, ಮೇಳಕ್ಕೆ ಆಗ್ತಿತ್ತು." ಪೆಟ್ರೋಲಿನ ಡಬ್ಬಿ ತಂದು ಮೆಟ್ಟಿಲ ಬಳಿ ಇಟ್ಟ.

"ಒಲೆ ಉರೀತಿದೆ ಹಾಯ್ಟ್."

"ಆರ್ಸು."

"ನಿನ್ನ ಬುದ್ಧಿಗೇ ಪೆಟ್ರೋಲು ಹತ್ತಿದೆ. ಆ ಡಬ್ಬಿ ಈ ಮನೆಯಡಿ ಹೋದ್ರೆ, ನೀನೂ ಈ ಮನೆಯಿಂದ ಹೋದ ಹಾಗೇ."

ಡಬ್ಬಿ ವಾಪಸು ಹೋಯಿತು. ಅವನು ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ.

ಬಿಸಿಲು ಬಲಿತರೆ ಅವು ತಾವಾಗಿ ಹೋಗುತ್ತವಂತೆ. ಎಂದು ಹೋಗುತ್ತವೆ, ಹೋದವೋ ಇಲ್ಲವೋ ಎಂದು ನಾನು ಹೇಳಲಾರೆ. ಇನ್ನು ಮೇಲೆ ಈ ಮನೆಯ ವಿಷಯದಲ್ಲಿ ನನ್ನ ಮಾತನ್ನು ನೀನು ನಂಬಬೇಕೆಂದೂ ಹೇಳಲಾರೆ.

ಮಗು ಕಾರಣ ಕೇಳಿದರೆ, ಅಜ್ಜಿ ಸುಳ್ಳು ಹೇಳಿದ್ದಳು ಅಂತ ಹೇಳು. ದೊಡ್ಡವಳಾದ ಮೇಲೆ ಬೇರೆಯವರ ಬಾಯಿಂದ ಕೇಳುವುದು ಬೇಡ.

ವೀಡಾ


ಗೇನ್ಸ್‌ವಿಲ್
16 ಮಾರ್ಚ್ 1963

ಅತ್ತೆಯವರಿಗೆ,

ಪೆಟ್ಟಿಗೆ ಬಿಚ್ಚಿ ಬಟ್ಟೆ ತೆಗೆದಿಟ್ಟೆ. ಡಾರ್ಲ ಅತ್ತಳು. ನೀವು ಹೇಳಿದಂತೆಯೇ ಹೇಳಿದೆ. "ಅಜ್ಜೀನೂ ಸುಳ್ಳು ಹೇಳ್ತಾರಾ?" ಎಂದು ಕೇಳಿದಳು. ಆಮೇಲೆ, "ಹಾಗಾದ್ರೆ ಅವ್ರಿಗೆ ತುಂಬಾ ಭಯ ಆಗಿರ್ಬೇಕು," ಎಂದಳು.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಚಮಚದ ಕಥೆಯನ್ನು ನಾನು ನಂಬಿರಲಿಲ್ಲ. ಮೊದಲೆರಡು ಸಲವೂ ಅದೇ ಚಮಚ ಇತ್ತಲ್ಲ, ಆಗ ಯಾಕೆ ಹಳದಿ ಮರಳು ಬಂತು? ಈಸ್ಟರ್ ವಾರ ಶಾಲೆಗೆ ರಜೆ, ಡಾರ್ಲಳನ್ನು ನೋಡಿಕೊಳ್ಳಲು ಇಲ್ಲಿ ಯಾರೂ ಇರಲಿಲ್ಲ. ರಜೆ ಹಾಕಿದರೆ ಕೆಲಸ ಹೋಗುತ್ತದೆ. ನಿಮ್ಮನ್ನು ನಂಬುವುದು ನನಗೆ ಅನುಕೂಲವಾಗಿತ್ತು. ಹಾಗಾಗಿ ನಂಬಿದೆ. ನೀವು ಬರೆಯದೇ ಹೋಗಿದ್ದರೆ ನಾನು ಬಸ್ಸು ಹತ್ತಿಸುತ್ತಿದ್ದೆ. ಗೊತ್ತಿದ್ದೂ ಹತ್ತಿಸುತ್ತಿದ್ದೆ.

ನೀವು ಆ ಮನೆಯಲ್ಲಿ ಇರಬೇಡಿ. ಇಲ್ಲಿಗೆ ಬನ್ನಿ. ಒಂದೇ ಕೋಣೆ, ಆದರೆ ಎರಡನೇ ಮಹಡಿ.

ನೀವಾ


ಗೇನ್ಸ್‌ವಿಲ್
15 ಏಪ್ರಿಲ್ 1963

ಅತ್ತೆಯವರಿಗೆ,

ನಾಲ್ಕು ವಾರವಾಯಿತು. ಇಲ್ಲಿಗೆ ಬನ್ನಿ ಎಂದ ಪತ್ರಕ್ಕೂ, ಆಮೇಲೆ ಬರೆದ ಇನ್ನೊಂದಕ್ಕೂ ಉತ್ತರವಿಲ್ಲ. ಕೋಪವಿದ್ದರೆ ಕೋಪವೆಂದೇ ಬರೆಯಿರಿ. ನಿನ್ನೆ ಈಸ್ಟರ್. ಡಾರ್ಲ ಒಂದು ಮೊಟ್ಟೆಗೆ ಬಣ್ಣ ಹಚ್ಚಿ ನಿಮಗೆಂದು ಕಿಟಕಿಯಲ್ಲಿ ಇಟ್ಟಿದ್ದಾಳೆ.

ಒಂದು ಸಾಲು ಬರೆದರೂ ಸಾಕು. ಹಾಯ್ಟ್ ಕೈಯಲ್ಲಿ ಬರೆಸಿದರೂ ಸಾಕು.

ನೀವಾ


ಹಾರ್ಲನ್ಸ್ ಮಿಲ್
21 ಏಪ್ರಿಲ್ 1963

ನೀವಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಪತ್ರಕ್ಕೆ ಮೂರು ದಿನ ಹಿಡಿದಿದೆ.

ಮಾರ್ಚ್ 30ರ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹಿಂದಿನ ಜಗಲಿಯ ರಾಶಿಯಿಂದ ಸೌದೆ ತೆಗೆಯಲು ಕೈ ಹಾಕಿದೆ. ಸದ್ದು ಮಾಡಲಿಲ್ಲ ಅದು. ಸದ್ದು ಮಾಡಿಯೇ ಕಚ್ಚುತ್ತದೆ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೆವು.

ಹಾಯ್ಟ್ ಟ್ರಕ್ಕಿನಲ್ಲಿ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿಸಿದ. ದಾರಿಯುದ್ದಕ್ಕೂ "ಅಮ್ಮಾ, ಮಾತಾಡ್ತಾ ಇರು, ಮಾತಾಡ್ತಾ ಇರು," ಎನ್ನುತ್ತಿದ್ದ. "ನಾಲ್ಕು ತಿಂಗ್ಳಿಂದ ನಾನು ಹೇಳಿದ್ದು ಏನ್ ಕೇಳ್ದೆ ನೀನು, ಈಗ ಕೇಳೋಕೆ," ಎಂದೆ. ಅವನು ಅತ್ತ. ವೆಂಡೆಲ್ ಹೋದಾಗಲೂ ಅವನು ಅತ್ತದ್ದು ನಾನು ನೋಡಿರಲಿಲ್ಲ.

ಬಲಗೈಯ ಎರಡು ಬೆರಳು ತೆಗೆದರು. ಹದಿನೇಳು ದಿನ ಮಲಗಿದ್ದೆ. ನಾನು ತೂಕದ ಹೆಂಗಸಾದ್ದರಿಂದ ಉಳಿದೆ ಎಂದರು ಡಾಕ್ಟರು. ಚಿಕ್ಕ ಮೈಯಾಗಿದ್ದರೆ ಟ್ರಕ್ಕು ಊರ ಗಡಿ ದಾಟುವುದರೊಳಗೆ ಮುಗಿಯುತ್ತಿತ್ತಂತೆ. ಈ ಮನೆಯಲ್ಲಿ ಸೌದೆ ತರುವುದು ಯಾವಾಗಲೂ ಮಕ್ಕಳ ಕೆಲಸ. ವೆಂಡೆಲ್ ತರುತ್ತಿದ್ದ, ಹಾಯ್ಟ್ ತರುತ್ತಿದ್ದ. ಡಾರ್ಲ ಬಂದಿದ್ದರೆ ಅವಳನ್ನೇ ಕಳಿಸುತ್ತಿದ್ದೆ.

ಇನ್ನು ಹೆಚ್ಚು ಬರೆಯುವುದಿಲ್ಲ.

ಬಿಸಿಲು ಬಂದಿದೆ. ಮನೆಯಡಿ ಈಗ ಸದ್ದಿಲ್ಲ, ಆದರೆ ಕೋಳಿಗಳು ಇನ್ನೂ ಬೇಲಿಯ ಮೇಲೆಯೇ ಇವೆ. ನಿನ್ನೆ ಹಾಯ್ಟ್‌ನ ತೋಳು ಹಿಡಿದುಕೊಂಡು ದಿಣ್ಣೆ ಸುತ್ತಿದೆ. ಹದಿಮೂರರಲ್ಲಿ ಹನ್ನೊಂದು ಬಿಲಗಳ ಬಾಯಲ್ಲಿ ಜೇಡರ ಬಲೆ. ಆಮೆಯ ಹೆಜ್ಜೆ ಇರುವುದು ಎರಡರಲ್ಲಿ ಮಾತ್ರ, ಹುಳ ಯಾವುದರಲ್ಲೂ ಇಲ್ಲ. ಸಮಾಧಿಯ ಬಿಲದಲ್ಲಿ ಚಿಮ್ಮಂಡೆ ಇವೆ. ಅಲ್ಲಿಂದ ಮುಂದಿನ ಬಿಲಕ್ಕೆ ಕಾಲು ಮೈಲಿ. ರೆಕ್ಕೆ ಇಲ್ಲದ ಹುಳ ಅಷ್ಟು ದೂರ ಎಷ್ಟು ವರ್ಷಕ್ಕೆ ಹೋಗುತ್ತದೆ ಎಂದು ನಿಮ್ಮ ಮೇಷ್ಟ್ರನ್ನು ಕೇಳು. ಹಾಯ್ಟ್ ತಾನಾಗಿ ಕೇಳಿದ್ದು ಅದು. ಉತ್ತರ ಏನೇ ಇದ್ದರೂ ಬರೆ.

ಮುಂದಿನ ಚಳಿಗೆ ಹಾವುಗಳಿಗೆ ಮತ್ತೆ ಜಾಗ ಬೇಕು. ದಿಣ್ಣೆಯ ಆಚೆ ಬದಿಗೆ ಎಮ್ಮಿಟ್ ಕೌವರ್ಟ್ ಮನೆ. ಅದೂ ಕಂಬದ ಮೇಲೆ ನಿಂತ ಮನೆ. ಮೂರು ಮಕ್ಕಳು, ಚಿಕ್ಕದು ಇನ್ನೂ ಅಂಬೆಗಾಲಿಡುತ್ತದೆ. ಅವರಿಗೆ ಹೇಳಿ ಬಾ ಎಂದು ಹಾಯ್ಟ್‌ಗೆ ಹೇಳಿದೆ.

"ಹೋಗಿ ಏನಂತ ಹೇಳ್ಲಿ ಅಮ್ಮ? ನಾವು ಓಡ್ಸಿರೋ ಹಾವು ನಿಮ್ಮನೆಗೆ ಬರತ್ತೆ ಅಂತಾನಾ? ಆಮೇಲೆ ಊರಲ್ಲಿ ನಮ್ಮ ಮನೆತನ ತಲೆ ಎತ್ಕೊಂಡು ಓಡಾಡಕ್ಕಾಗತ್ತಾ?"

ನಾನು ಬಯ್ಯಲಿಲ್ಲ. ಆ ಮಾತು ಅವನದಲ್ಲ. ನಲವತ್ತು ವರ್ಷ ಈ ಊಟದ ಮೇಜಿಗೆ ಯಜಮಾನಿಯಾಗಿ ಕುಳಿತು ನಾನೇ ಆಡಿದ ಮಾತು.

ನಾಳೆ ಬೆಳಿಗ್ಗೆ ನಾನೇ ಹೋಗುತ್ತೇನೆ. ಟ್ರಕ್ಕು ಬೇಡ ಎಂದಿದ್ದೇನೆ. ದಾರಿಯಲ್ಲಿ ಎರಡು ಮನೆ ಸಿಗುತ್ತವೆ, ಅವರೂ ಕೇಳಲಿ.

ವೀಡಾ